ಸಾಕಿದ ಹಾವಿಗೆ ಬಿಳಿ ಇಲಿ: ಲೆಕ್ಕ ಮೊದಲು, ಜೋಡಿ ಆಮೇಲೆ

ಬಿಳಿ ಇಲಿ ಸಾಕಬೇಕು, ಹೇಗೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಹಾವು ವರ್ಷಕ್ಕೆ ಎಷ್ಟು ಇಲಿ ತಿನ್ನುತ್ತದೆ? ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಬೋನು ಎಲ್ಲಿ ಸಿಗುತ್ತದೆ, ಜೋಡಿಗೆ ಎಷ್ಟು ರೇಟು ಅಂತೆಲ್ಲ ವಿಚಾರಿಸಿರುತ್ತಾರೆ. ಈ ಲೆಕ್ಕ ಮಾತ್ರ ಹಾಕಿರುವುದಿಲ್ಲ.

ಬೆಳೆದ ಬಾಲ್ ಪೈಥಾನ್‌ಗೆ (ಆಫ್ರಿಕಾದ ಚಿಕ್ಕ ಹೆಬ್ಬಾವು) ಎರಡು ಮೂರು ವಾರಕ್ಕೆ ಒಂದು ಸಾಧಾರಣ ಗಾತ್ರದ ಇಲಿ ಸಾಕು. ವರ್ಷಕ್ಕೆ 18ರಿಂದ 25 ಅಂದುಕೊಳ್ಳಿ. ಅಮೆರಿಕದ ವಿಷವಿಲ್ಲದ ಹಾವು ಕಾರ್ನ್ ಸ್ನೇಕ್ ಸ್ವಲ್ಪ ಬೇಗ ಬೇಗ ತಿನ್ನುತ್ತದೆ, ಆದರೆ ಚಿಕ್ಕ ಇಲಿ. ನಮ್ಮ ಮನೆಯಲ್ಲಿ ಇವೆರಡೂ ಒಂದೊಂದಿವೆ, ವರ್ಷಕ್ಕೆ 50ರ ಆಸುಪಾಸು ಬೇಕು. ಈಗ ಆ ಕಡೆ ಲೆಕ್ಕ ನೋಡಿ. ಹೆಣ್ಣಿಲಿಯ ಬಸಿರು 21ರಿಂದ 23 ದಿನ. ಒಂದು ಸೂಲಿಗೆ 8ರಿಂದ 12 ಮರಿ. ಎರಡು ಹೆಣ್ಣಿಗೆ ವರ್ಷಕ್ಕೆ ಬರೀ ಮೂರು ಸೂಲು ಅಂದರೂ 60 ಮರಿ ಆಯಿತು. ಹಾಗಾಗಿ ಒಂದು ಗಂಡು, ಎರಡು ಹೆಣ್ಣು. ಎರಡು ಹಾವಿಗೆ ಅಷ್ಟು ಧಾರಾಳ. ಇನ್ನೂ ಒಂದೆರಡು ಇರಲಿ ಅಂತ ಹತ್ತು ಹೆಣ್ಣು ತಂದವರು ಆರೇ ತಿಂಗಳಲ್ಲಿ ಇಲಿ ಯಾರಿಗಾದರೂ ಬೇಕಾ ಅಂತ ಫೋನ್ ಮಾಡುತ್ತಾರೆ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ನಮ್ಮ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನ್‌ನಂತಹ ವಿದೇಶಿ ಹಾವಿಗೂ ಈಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಹಾವಿನ ಕಾಗದಪತ್ರ ಸರಿ ಇಲ್ಲದಿದ್ದರೆ ಇಲಿಯ ಯೋಚನೆಯೇ ಬೇಡ.

ಗದ್ದೆಯಲ್ಲಿ, ಅಟ್ಟದ ಮೇಲೆ ಬೇಕಾದಷ್ಟು ಇಲಿ ಓಡಾಡುತ್ತವಲ್ಲ, ಬೋನಿಟ್ಟು ಹಿಡಿದು ಹಾಕಿದರಾಯಿತು ಅನ್ನುವವರಿದ್ದಾರೆ. ಬೇಡ. ಊರಿಲಿ, ಹೆಗ್ಗಣ ಯಾವುದೋ ಮನೆಯ ಪಾಷಾಣ ತಿಂದು ಬಂದಿರಬಹುದು. ಆ ವಿಷ ಹಾವಿಗೂ ಹೋಗುತ್ತದೆ. ಮೈಮೇಲೆ ಹೇನು, ಉಣ್ಣೆ, ಹೊಟ್ಟೆಯಲ್ಲಿ ಹುಳ. ಜೊತೆಗೆ ಇಲಿಜ್ವರ ಬೇರೆ. ಅದು ಇಲಿಯ ಉಚ್ಚೆಯಿಂದ ಹರಡುತ್ತದೆ, ಕೈಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಅಡಿಕೆ ಸುಲಿಯುವ ಕೈಗೆ ಗಾಯ ಇರದ ದಿನ ಯಾವುದು? ಸಾಕಿದ ಇಲಿಯ ಬೋನು ತೊಳೆಯುವಾಗಲೂ ನಾನು ಗ್ಲೌಸ್ ಹಾಕುತ್ತೇನೆ. ತಳಿಗೆ ಬೇಕಾದ ಇಲಿಯನ್ನು ನಂಬಿಕಸ್ತರ ಹತ್ತಿರವೇ ತನ್ನಿ. ತಂದ ಮೇಲೆ ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ.

ತರುವಾಗ ಪ್ರತಿ ಇಲಿಯನ್ನೂ ಕಿವಿಯ ಹತ್ತಿರ ಹಿಡಿದು ಕೇಳಿ. ಆರೋಗ್ಯವಾಗಿದ್ದರೆ ಉಸಿರಿನ ಸದ್ದೇ ಬರುವುದಿಲ್ಲ. ಕಟಕಟ ಅಂದರೆ, ಗೊರಗೊರ ಅಂದರೆ ಅಲ್ಲೇ ವಾಪಸ್ ಕೊಡಿ. ಕಣ್ಣು, ಮೂಗಿನ ಸುತ್ತ ಕೆಂಪಗೆ ಅಂಟಿದ್ದು ಕಂಡರೆ ರಕ್ತ ಅಂತ ಗಾಬರಿಯಾಗಬೇಡಿ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಕೆಂಪು ಕಣ್ಣೀರು ಅದು. ಆದರೆ ಅದು ಜಾಸ್ತಿ ಇದ್ದರೆ ಇಲಿಗೆ ಶ್ವಾಸಕೋಶದ ತೊಂದರೆಯೋ, ಬೇರೇನೋ ಕಿರಿಕಿರಿಯೋ ಇದೆ ಅಂತ ಅರ್ಥ. ಕೈಗೆ ಬಾಯಿ ಹಾಕುವ ಹೆಣ್ಣನ್ನು ತಳಿಗೆ ಇಟ್ಟುಕೊಳ್ಳಬೇಡಿ. ದಿನಾ ಕೈ ಹಾಕಬೇಕಾದವರು ನಾವು.

ಇನ್ನು ಜಾಗ. ನಮ್ಮದು ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ. ದನ ಕೊಟ್ಟ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯ ಒಂದು ಮೂಲೆ ನನ್ನ ಪಾಲಿಗೆ ಬಂತು. ಮಲೆನಾಡಿನಲ್ಲಿ ಇಲಿ ಇಟ್ಟರೆ ಅದರ ವಾಸನೆಗೆ ಕರೆಯದೇ ಬರುವ ನೆಂಟರು ಸುಮಾರು ಜನ. ಇರುವೆ, ಬೆಕ್ಕು, ಊರಿಲಿ, ಕೊನೆಗೆ ಕೇರೆ ಮತ್ತು ನಾಗರ. ಬಾಗಿಲ ಕೆಳಗಿನ ಸಂದು, ನೀರು ಹೋಗುವ ತೂತು, ಗೋಡೆಗೂ ಹೆಂಚಿಗೂ ನಡುವಿನ ಕಿಂಡಿ ಎಲ್ಲದಕ್ಕೂ ಕಾಲಿಂಚಿನ ಕಬ್ಬಿಣದ ಜಾಲರಿ ಹೊಡೆಸಿ. ಪ್ಲಾಸ್ಟಿಕ್ ಬಲೆ ಇಲಿಯ ಹಲ್ಲಿಗೆ ಏನೂ ಅಲ್ಲ. ಊರಿನ ಉರಗ ರಕ್ಷಕರ ನಂಬರ್ ಫೋನಿನಲ್ಲಿರಲಿ. ಇರುವೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಕಣ್ಣು ಬಿಡದ ಮರಿಗಳನ್ನು ಅವು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಅಜ್ಜಿಯಂದಿರು ತಿಂಡಿ ಕಪಾಟಿಗೆ ಮಾಡುತ್ತಿದ್ದ ಹಾಗೆ ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿಡಿ. ಸ್ಟ್ಯಾಂಡ್ ಗೋಡೆಗೆ ತಾಗಬಾರದು.

ಒಂದು ಗಂಡು ಎರಡು ಹೆಣ್ಣಿಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಬೋನು ಬೇಕು. ತಳ ಗಟ್ಟಿಯಾಗಿರಲಿ, ತಂತಿಯ ಮೇಲೆ ನಿಂತರೆ ಪಾದ ಹುಣ್ಣಾಗುತ್ತದೆ. ತಾಯಿಗೆ ಒಂದು, ಬಿಡಿಸಿದ ಮರಿಗಳಿಗೆ ಒಂದು, ಗಂಡಿಗೆ ಒಂದು ಅಂತ ಮೂರು ನಾಲ್ಕು ಬೋನು ಮೊದಲೇ ಇರಬೇಕು. ಕಡಿಯಲು ಪೇರಲೆ ಕಡ್ಡಿ ಹಾಕಿ, ಹಲ್ಲು ಬೆಳೆಯುತ್ತಲೇ ಇರುತ್ತದೆ.

ಹಾಸಿಗೆಗೆ ಬಡಗಿ ಮರ ಕೀಸುವಾಗ ಬೀಳುವ ಸುರುಳಿ ಹೊಟ್ಟು ಒಳ್ಳೆಯದು. ಸಿಲ್ವರ್ ಓಕ್‌ನದ್ದು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಮಿಲ್ಲಿನ ನುಣ್ಣನೆ ಪುಡಿ ಬೇಡ, ಮೂಗಿಗೆ ಹೋಗುತ್ತದೆ. ಪ್ಲೈವುಡ್ ಪುಡಿ ಬೇಡವೇ ಬೇಡ. ಹೊಟ್ಟಿನ ಮೇಲೆ ಪೇಪರ್ ಹರಿದು ಹಾಕಿದರೆ ಗೂಡು ಅವೇ ಕಟ್ಟಿಕೊಳ್ಳುತ್ತವೆ.

ಆರಿದ್ರೆ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ಹೊಟ್ಟು ಒಣಗುವುದಿಲ್ಲ. ಉಚ್ಚೆಯ ಅಮೋನಿಯಾ ಅಲ್ಲೇ ನಿಲ್ಲುತ್ತದೆ. ನಿಂತುಕೊಂಡ ನಮ್ಮ ಮೂಗಿಗೆ ಘಾಟು ಬಡಿಯುವ ಹೊತ್ತಿಗೆ ನೆಲಕ್ಕೆ ಮೂಗಿಟ್ಟು ಬದುಕುವ ಇಲಿ ಎಷ್ಟೋ ಹೊತ್ತಿನಿಂದ ಅದನ್ನೇ ಉಸಿರಾಡುತ್ತಿರುತ್ತದೆ. ಉಸಿರಿನ ಕಾಯಿಲೆ ಶುರುವಾಗುವುದು ಹೀಗೆಯೇ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬದಲಾಯಿಸುವ ಹೊಟ್ಟನ್ನು ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಬದಲಾಯಿಸಿ. ಹೊಸ ಹೊಟ್ಟಿನ ಚೀಲವನ್ನು ನಾನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ, ಬೆಚ್ಚಗೆ ಒಣಗಿರುತ್ತದೆ.

ಶಿವಮೊಗ್ಗ ಪೇಟೆಯವರಿಗೆ ಇದರ ಉಲ್ಟಾ ತೊಂದರೆ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಇಲಿ ಬದುಕುವುದಿಲ್ಲ. ಅದಕ್ಕೆ ನಮ್ಮ ಹಾಗೆ ಬೆವರುವುದಕ್ಕೆ ಬರುವುದಿಲ್ಲ, ಮೈ ಬಿಸಿಯನ್ನು ಬಾಲದಿಂದ ಬಿಡುತ್ತದೆ. 20ರಿಂದ 26 ಡಿಗ್ರಿ ಅದಕ್ಕೆ ಹಿತ. 32 ದಾಟಿದರೆ ಕಷ್ಟ, ಗಂಡಿನ ಬೀಜಶಕ್ತಿಯೂ ಕುಗ್ಗುತ್ತದೆ. ಐಸ್ ಗಟ್ಟಿದ ಬಾಟಲಿಗೆ ಬಟ್ಟೆ ಸುತ್ತಿ ಬೋನಿನಲ್ಲಿಡಿ, ಒರಗಿ ಮಲಗುತ್ತವೆ.

ಊಟಕ್ಕೆ ಪ್ರಯೋಗಾಲಯದ ಇಲಿಗಳಿಗೆ ಅಂತ ಮಾಡುವ ಪೆಲೆಟ್ ಒಳ್ಳೆಯದು. ದೊಡ್ಡ ಇಲಿ ದಿನಕ್ಕೆ 15ರಿಂದ 20 ಗ್ರಾಂ ತಿನ್ನುತ್ತದೆ. ಮೇಲಿಂದ ಕುಚ್ಚಲಕ್ಕಿ ಅನ್ನ, ಸೊಪ್ಪು, ಸೌತೆಕಾಯಿ. ಹಾಲೂಡಿಸುವ ತಾಯಿಗೆ ಬೇಯಿಸಿದ ಮೊಟ್ಟೆ ಕೊಡಿ. ಬೂಸ್ಟು ಬಂದ ಶೇಂಗಾ, ಜೋಳ ಮಾತ್ರ ಮುಟ್ಟಿಸಬೇಡಿ. ಇಲಿಗೆ ವಾಂತಿ ಮಾಡಲು ಆಗುವುದಿಲ್ಲ, ತಿಂದದ್ದು ಒಳಗೇ ಉಳಿಯುತ್ತದೆ. ಗಂಡಿಲಿಗೆ ಕಿತ್ತಳೆ ಸಿಪ್ಪೆಯೂ ಬೇಡ, ಅದರ ಎಣ್ಣೆ ಗಂಡಿನ ಮೂತ್ರಪಿಂಡಕ್ಕೆ ಆಗುವುದಿಲ್ಲ. ನೀರಿನ ಬಾಟಲಿಯ ನಳಿಗೆ ತುದಿಯ ಗುಂಡನ್ನು ದಿನಾ ಬೆರಳಲ್ಲಿ ಒತ್ತಿ ನೋಡಿ. ನೀರು ನಿಂತರೆ ತಾಯಿ ಮರಿ ತಿನ್ನುತ್ತದೆ.

ಹೆಣ್ಣಿಗೆ ಮೂರು ನಾಲ್ಕು ತಿಂಗಳು, ಕಾಲು ಕೆಜಿ ತೂಕ ಆದ ಮೇಲೆ ಜೋಡಿ ಮಾಡಿ. ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಹತ್ತು ದಿನ ಗಂಡಿನ ಜೊತೆ ಬಿಟ್ಟರೆ ಸಾಕು. ಮೂರನೇ ವಾರದಲ್ಲಿ ಹೊಟ್ಟೆ ಎರಡೂ ಬದಿಗೆ ಉಬ್ಬಿ ಕಾಣುತ್ತದೆ. ಆ ಹೊತ್ತಿಗೆ ಗಂಡು ಬೇರೆ ಬೋನಿನಲ್ಲಿರಲೇಬೇಕು. ಯಾಕೆಂದರೆ ಹೆಣ್ಣಿಲಿ ಹೆತ್ತ ಒಂದೇ ದಿನದೊಳಗೆ ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲೇ ಇದ್ದರೆ ಹಾಲೂಡಿಸುತ್ತಲೇ ಮತ್ತೊಂದು ಬಸಿರು, ತಾಯಿ ಸವೆದು ಹೋಗುತ್ತದೆ, ನಿಮ್ಮ ಲೆಕ್ಕವೂ ತಪ್ಪುತ್ತದೆ.

ಹುಟ್ಟಿದ ಮರಿ ಐದಾರು ಗ್ರಾಂ, ಗುಲಾಬಿ ಬಣ್ಣ, ಮೈಮೇಲೆ ಕೂದಲಿಲ್ಲ. ತಾಯಿ ಊಟಕ್ಕೆ ಎದ್ದಾಗ ಒಂದನ್ನು ಅಂಗೈ ಮೇಲೆ ಮಗುಚಿ ನೋಡಿ. ಹೊಟ್ಟೆಯ ಎಡಬದಿಯಲ್ಲಿ ಚರ್ಮದ ಒಳಗೆ ಬಿಳಿ ಪಟ್ಟಿ ಕಾಣುತ್ತದೆ. ಕುಡಿದ ಹಾಲು ಅದು, ಅಷ್ಟು ತೆಳು ಚರ್ಮ. ಪಟ್ಟಿ ಇದ್ದರೆ ತಾಯಿಯ ಹಾಲು ಸರಿ ಇದೆ, ಮುಚ್ಚಿ ಬಂದುಬಿಡಿ. ಒಂದು ವಾರಕ್ಕೆ ಕೂದಲು ಮೂಡುತ್ತದೆ. ಒಂಬತ್ತು ಹತ್ತನೇ ದಿನ ಹೆಣ್ಣು ಮರಿಯ ಹೊಟ್ಟೆಯಲ್ಲಿ ಮೊಲೆಯ ಚುಕ್ಕಿಗಳು ಸಾಲಾಗಿ ಕಾಣುತ್ತವೆ, ಗಂಡು ಹೆಣ್ಣು ಗುರುತಿಸಲು ಅದೇ ಸುಲಭದ ದಿನ. ಎರಡು ವಾರಕ್ಕೆ ಕಣ್ಣು ಬಿಡುತ್ತವೆ. ಮೂರರಿಂದ ನಾಲ್ಕು ವಾರಕ್ಕೆ ತಾಯಿಯಿಂದ ಬಿಡಿಸಿ. ಐದನೇ ವಾರ ತುಂಬುವ ಮೊದಲು ಗಂಡು ಹೆಣ್ಣನ್ನು ಬೇರೆ ಮಾಡಿ. ಅಣ್ಣ ತಂಗಿ ಅನ್ನುವ ಲೆಕ್ಕ ಇಲಿಗೆ ಇಲ್ಲ.

ಕೊಲ್ಲುವ ಕೆಲಸದ ಬಗ್ಗೆ ಮುಜುಗರ ಪಟ್ಟು ಯಾರೂ ಸರಿಯಾಗಿ ಹೇಳುವುದಿಲ್ಲ. ನಮ್ಮ ಅತ್ತೆ ಮೊದಮೊದಲು 'ಅಣ್ಣನ ವಾಹನ ಹಿಡ್ದು ತಮ್ಮಂಗೆ ಊಟಕ್ಕೆ ಹಾಕ್ತೀಯಲ್ಲೇ ಮಾರಾಯ್ತಿ' ಅನ್ನುತ್ತಿದ್ದರು. ಗಣಪತಿ, ಸುಬ್ರಹ್ಮಣ್ಯ ಇಬ್ಬರೂ ಕ್ಷಮಿಸಲಿ. ಆದರೂ ಜೀವಂತ ಇಲಿಯನ್ನು ಹಾವಿನ ಪೆಟ್ಟಿಗೆಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಇಲಿಗೆ ಹಿಂಸೆ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುವುದೂ ಉಂಟು. ಜೀವಂತ ಮರಿಯನ್ನು ಫ್ರೀಜರ್‌ಗೆ ಹಾಕುವುದು ಅದಕ್ಕಿಂತ ಕ್ರೂರ.

ಸರಿಯಾದ ದಾರಿ ಕಾರ್ಬನ್ ಡೈಆಕ್ಸೈಡ್. ಸೋಡಾ ಅಂಗಡಿಗೆ ಸಿಲಿಂಡರ್ ಕೊಡುವವರ ಹತ್ತಿರ ವಿಚಾರಿಸಿ. ರೆಗ್ಯುಲೇಟರ್, ಗ್ಯಾಸ್ ಅಳೆಯುವ ಮೀಟರ್ ಬೇಕೇ ಬೇಕು. ಗ್ಯಾಸ್ ನಿಧಾನಕ್ಕೆ ತುಂಬಬೇಕು, ನಿಮಿಷಕ್ಕೆ ಪೆಟ್ಟಿಗೆಯ ಶೇಕಡಾ 30ರಿಂದ 70ರಷ್ಟು. 20 ಲೀಟರ್ ಪೆಟ್ಟಿಗೆಗೆ ನಿಮಿಷಕ್ಕೆ 6ರಿಂದ 14 ಲೀಟರ್. ಉಸಿರು ನಿಂತ ಮೇಲೂ ಕೆಲವು ನಿಮಿಷ ಗ್ಯಾಸ್ ಬಿಡಿ, ಪ್ರಾಣ ಹೋಗಿದ್ದನ್ನು ಖಾತ್ರಿ ಮಾಡಿಕೊಳ್ಳಿ. ಹುಟ್ಟಿ ಹತ್ತು ದಿನ ಆಗದ ಮರಿಗಳು ಈ ಗ್ಯಾಸಿಗೆ ಬೇಗ ಸಾಯುವುದಿಲ್ಲ, ಅದಕ್ಕೆ ಅಂಥವನ್ನು ನಾನು ಕೊಲ್ಲುವುದೇ ಇಲ್ಲ. ವಿನಿಗರ್ ಮತ್ತು ಅಡುಗೆ ಸೋಡಾ ಬೆರೆಸುವ ಉಪಾಯ ಬಿಟ್ಟುಬಿಡಿ, ಎಷ್ಟು ಗ್ಯಾಸ್ ಹೋಗುತ್ತಿದೆ ಅಂತ ತಿಳಿಯುವುದಿಲ್ಲ. ಗಾಳಿಯಾಡುವ ಜಗಲಿಯಲ್ಲಿ ಮಾಡಿ, ಮುಚ್ಚಿದ ಕೋಣೆಯಲ್ಲಿ ಅದು ನಮಗೂ ಅಪಾಯ. ಮೊದಲ ಸಲ ಪಶುವೈದ್ಯರನ್ನು ಕೇಳಿ, ಕಣ್ಣಾರೆ ನೋಡಿ ಕಲಿಯಿರಿ.

ಸತ್ತ ಇಲಿಯನ್ನು ತೂಕ ನೋಡಿ, ಕವರಿನ ಮೇಲೆ ತಾರೀಕು ಬರೆದು, ಮನೆಯ ಊಟದ ಸಾಮಾನಿಲ್ಲದ ಬೇರೆ ಫ್ರೀಜರ್‌ನಲ್ಲಿಡಿ. ಮೈನಸ್ 18 ಡಿಗ್ರಿ ಇರಬೇಕು. ಮಲೆನಾಡಿನಲ್ಲಿ ಒಂದು ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ಖಾಲಿ ಇದ್ದರೆ 24 ಗಂಟೆ. ಜಾಗ ಉಳಿದಲ್ಲೆಲ್ಲ ನೀರು ತುಂಬಿದ ಬಾಟಲಿ ಇಡಿ. ಕರಗಿ ಬಿಸಿಯಾದದ್ದನ್ನು ಮತ್ತೆ ಗಟ್ಟಿ ಮಾಡಬೇಡಿ, ಹೂತುಬಿಡಿ. ಈ ಕಾರಣಕ್ಕೇ ಮಳೆಗಾಲಕ್ಕೆ ಫ್ರೀಜರ್ ತುಂಬ ಇಲಿ ಕೂಡಿಡುವುದು ನನಗೆ ಇಷ್ಟವಿಲ್ಲ. ಒಂದೆರಡು ತಿಂಗಳಿಗಾಗುವಷ್ಟು ಸಾಕು.

ಹಾವಿಗೆ ಕೊಡುವ ಹಿಂದಿನ ರಾತ್ರಿ ಇಲಿಯನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿಡಿ. ಮರುದಿನ ಕವರ್ ಸಮೇತ 40 ಡಿಗ್ರಿ ಬಿಸಿನೀರಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡ. ಬಾಲ್ ಪೈಥಾನ್ ತುಟಿಯ ಮೇಲಿನ ಕುಳಿಗಳಿಂದ ಬಿಸಿಯನ್ನು ಗುರುತಿಸುತ್ತದೆ, ಇಲಿಯ ತಲೆ ಬೆಚ್ಚಗಿದ್ದರೆ ಬೇಗ ಹಿಡಿಯುತ್ತದೆ. ಉದ್ದ ಇಕ್ಕಳದಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಜಾಗವನ್ನು ಮೀರಬಾರದು. ತಿಂದ ಮೇಲೆ ಎರಡು ದಿನ ಹಾವನ್ನು ಮುಟ್ಟಬೇಡಿ. ಕರೆಂಟ್ ಹೋಗಿ ಹೀಟರ್ ನಿಂತಿದ್ದರೆ ಊಟವನ್ನೇ ಹಾಕಬೇಡಿ. ಮೈ ತಣ್ಣಗಿದ್ದರೆ ಜೀರ್ಣವಾಗದೆ ಕಕ್ಕುತ್ತದೆ.

ಚಳಿಗಾಲದಲ್ಲಿ ಬಾಲ್ ಪೈಥಾನ್ ಒಂದೆರಡು ತಿಂಗಳು ಉಪವಾಸ ಕೂರುವುದು ಮಾಮೂಲು. ತೂಕ ಇಳಿಯದಿದ್ದರೆ ಚಿಂತೆ ಬೇಡ. ಆದರೆ ಅದರ ಪಾಲಿನ ಇಲಿಗಳು ಬೆಳೆಯುತ್ತಲೇ ಇರುತ್ತವಲ್ಲ. ಹಾವು ಎರಡು ಸಲ ಊಟ ಬಿಟ್ಟ ಕೂಡಲೇ ಜೋಡಿ ಮಾಡುವುದನ್ನು ನಿಲ್ಲಿಸಿ, ಮತ್ತೆ ತಿಂದ ಮೇಲೆ ಗಂಡನ್ನು ಬಿಡಿ. ಹೆಣ್ಣಿಗೆ ಒಂದು ವರ್ಷವಾದರೆ ಸೂಲು ಸಾಕು ಮಾಡಿ. ಇಲಿ ಬದುಕುವುದೇ ಎರಡು ಮೂರು ವರ್ಷ, ಉಳಿದದ್ದನ್ನು ಆರಾಮವಾಗಿ ಕಳೆಯಲಿ. ಹೆಚ್ಚಾದ ಮರಿಗಳನ್ನು ಹಾವು ಸಾಕುವ ಬೇರೆಯವರಿಗೆ ಕೊಡಿ. ತೋಟಕ್ಕೆ ಮಾತ್ರ ಬಿಡಬೇಡಿ.