ತೋಡಿನ ಕಟ್ಟ ಮತ್ತು ಬಾಲವೇದಿಯ ಮಕ್ಕಳು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಒಳಗೆ ಹೋದರೆ, ಅಡಿಕೆ ತೋಟಗಳ ನಡುವಿನ ಒಂದು ಬೈಲಿನಲ್ಲಿ ನಮ್ಮ ಯುವಕ ಸಂಘವಿದೆ. ಸಂಘವೆಂದರೆ ಮುರಕಲ್ಲಿನ ಒಂದು ಕೋಣೆ, ಎರಡು ಕಪಾಟು ಪುಸ್ತಕ, ಒಂದು ಕೇರಂ ಬೋರ್ಡು ಮತ್ತು ಹೊರಗೊಂದು ವಾಲಿಬಾಲ್ ಅಂಗಳ. ನಮ್ಮ ವಾಚನಾಲಯಕ್ಕೆ ಕೇರಳದ ಲೈಬ್ರರಿ ಕೌನ್ಸಿಲ್‌ನ ಅಂಗೀಕಾರವಿದೆ. ಅಂಥ ಬೇರೆ ವಾಚನಾಲಯಗಳಲ್ಲಿರುವಂತೆ ಇಲ್ಲಿಯೂ ಮಕ್ಕಳಿಗಾಗಿ ಬಾಲವೇದಿಯೊಂದಿದ್ದು, ಒಂಬತ್ತು ವರ್ಷ ಅದರ ಹೊಣೆ ನನ್ನ ಮೇಲಿತ್ತು.

ಮೊದಲ ಎರಡು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕೇರಳದ ಗ್ರಂಥಾಲಯ ಚಳವಳಿಯ ಮುಂದಾಳು ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ರಂದು ವಾಚನಾ ದಿನ, ಆಗಸ್ಟ್ 15ಕ್ಕೆ ಧ್ವಜಾರೋಹಣ, ಓಣಂಗೆ ಆಟದ ಸ್ಪರ್ಧೆ. ಪ್ರತಿ ಸಲವೂ ಅತಿಥಿಗಳು ಬಂದು ಶಿಸ್ತು, ಜವಾಬ್ದಾರಿ, ಗುರುಹಿರಿಯರಲ್ಲಿ ಗೌರವ ಎಂದು ಮುಕ್ಕಾಲು ಗಂಟೆ ಮಾತನಾಡುತ್ತಿದ್ದರು. ಮಕ್ಕಳು ಪಾಯಸದ ಪಾತ್ರೆಯ ಕಡೆ ಕಣ್ಣಿಟ್ಟು ಕುಳಿತಿರುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡುತ್ತಿದ್ದವರು ನಾವು ನಾಲ್ಕು ಮಂದಿ ದೊಡ್ಡವರು. ಆ ಕುರ್ಚಿಗಳನ್ನು ಮಕ್ಕಳೇಕೆ ಎತ್ತುವುದಿಲ್ಲವೆಂದು ಯೋಚಿಸತೊಡಗಿದಾಗ, ಅವರಿಗೆ ಎತ್ತಲು ನಾವು ಏನನ್ನೂ ಕೊಟ್ಟೇ ಇರಲಿಲ್ಲವೆಂಬುದು ನನಗೆ ಹೊಳೆಯಿತು.

ಕೊಡುವ ಸಂದರ್ಭ ಬಂದದ್ದು ತೋಡಿನ, ಎಂದರೆ ಸಣ್ಣ ಹಳ್ಳದ, ಕಟ್ಟದಿಂದ. ನಮ್ಮ ಕಡೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗುಡ್ಡಗಳು ಕಡಿದಾಗಿವೆ, ಸಮುದ್ರ ದೂರವಿಲ್ಲ, ಆದ್ದರಿಂದ ಬಿದ್ದ ನೀರು ನಿಲ್ಲದೆ ಓಡಿಹೋಗಿ ಮಾರ್ಚಿಗೆಲ್ಲ ಬಾವಿಯ ತಳ ಕಾಣಿಸುತ್ತದೆ. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ ಕಟ್ಟ. ಮಳೆ ನಿಂತು ಹರಿವು ಇಳಿದ ಮೇಲೆ ತೋಡಿಗೆ ಅಡ್ಡಲಾಗಿ ಎರಡು ಸಾಲು ಕಾಡುಕಲ್ಲು ಪೇರಿಸಿ, ನಡುವೆ ಮಣ್ಣು ತುಂಬಿ ತುಳಿದು ನೀರು ನಿಲ್ಲಿಸುತ್ತಾರೆ. ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿಗಳನ್ನು ಕಾಪಾಡುತ್ತದೆ. ಏತಡ್ಕದ ಕಡೆ ಒಂದರ ಕೆಳಗೊಂದು ಕಟ್ಟ ಹಾಕುವ ಪದ್ಧತಿ ಇಂದಿಗೂ ಇದೆ. ನಮ್ಮ ಬೈಲಿನಲ್ಲಿ ಮಾತ್ರ ಕೂಲಿ ಏರಿ, ಕೊಳವೆಬಾವಿ ಬಂದ ಮೇಲೆ ಅದು ನಿಂತುಹೋಗಿತ್ತು. ಸಂಘದ ಮಹಾಸಭೆಯಲ್ಲಿ ಅದನ್ನು ಮತ್ತೆ ಹಾಕುವ ನಿರ್ಣಯವಾದಾಗ, ಮಣ್ಣು ತರುವ ಮತ್ತು ಕಟ್ಟ ಕಾಯುವ ಕೆಲಸವನ್ನು ಬಾಲವೇದಿಗೆ ಬಿಡಬೇಕೆಂದು ನಾನು ಕೇಳಿಕೊಂಡೆ. ಕೆಲವರು ನಕ್ಕರು. ಕೊನೆಗೆ ಎರಡು ಷರತ್ತಿನ ಮೇಲೆ ಒಪ್ಪಿದರು: ಮಕ್ಕಳು ಒಂಟಿಯಾಗಿ ತೋಡಿಗೆ ಹೋಗಕೂಡದು, ನೀರು ನಿಂತ ಮೇಲೆ ದೊಡ್ಡವರಿಲ್ಲದೆ ಇಳಿಯಕೂಡದು.

ಕಟ್ಟ ಹಾಕುವ ಕೈಚಳಕ ಬಲ್ಲವರೆಂದು ಊರಲ್ಲಿ ಉಳಿದಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ ಮಾತ್ರ. ಜೀವಮಾನವಿಡೀ ಬೇರೆಯವರ ತೋಟದಲ್ಲಿ ದುಡಿದವರು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ತುಳುವಿನಲ್ಲಿ ಕಿರಿಯರಿಗೆ, ಸಲುಗೆಯವರಿಗೆ ‘ಈ’ (ನೀನು) ಎನ್ನುತ್ತೇವೆ, ಹಿರಿಯರಿಗೆ ‘ಈರ್’ (ನೀವು). ವ್ಯತ್ಯಾಸ ಒಂದು ಅಕ್ಷರದ್ದು. ಆದರೆ ಆ ಅಕ್ಷರ ಯಾರಿಗೆ ಸಲ್ಲಬೇಕೆಂಬುದನ್ನು ನಮ್ಮೂರಿನಲ್ಲಿ ಬಹುಕಾಲ ನಿರ್ಧರಿಸುತ್ತಿದ್ದದ್ದು ವಯಸ್ಸಲ್ಲ, ಜಾತಿ ಮತ್ತು ಜಮೀನು. ತೋಟದ ಮನೆಗಳಿಂದ ಬಂದ ಹತ್ತು ವರ್ಷದ ಮಕ್ಕಳು ಆ ಅಜ್ಜನನ್ನು ‘ಈ ಬಲ’ (ನೀನು ಬಾ) ಎಂದು ಕರೆಯುತ್ತಿದ್ದರು. ಕರೆಯುವುದು ತಪ್ಪೆಂದು ಅವರಿಗೆ ಹೇಳುವ ಮುಖ ನನಗಿರಲಿಲ್ಲ. ನಾನೂ ಚಿಕ್ಕಂದಿನಿಂದ ಹಾಗೆಯೇ ಕರೆದವನು.

ಮೊದಲ ಭಾನುವಾರ ಅವರು ತೋಡಿನ ಬದಿಗೆ ಬಂದಾಗ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ‘ಅಜ್ಜೆರೆ, ಈರ್ ಬಲೆ’ ಎಂದೆ. ನಾಲಿಗೆ ತಡವರಿಸಿತು. ಅವರು ಒಮ್ಮೆ ನನ್ನ ಮುಖ ನೋಡಿ, ಏನೂ ಹೇಳದೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ಉಂಡೆಯಾಗಿಯೇ ನಿಂತಿತು. ನಾವು ಅಷ್ಟರಲ್ಲೇ ಬುಟ್ಟಿಗಟ್ಟಲೆ ತಂದು ರಾಶಿ ಹಾಕಿದ್ದ ಮಣ್ಣಿನಿಂದ ಇನ್ನೊಂದು ಹಿಡಿ ಹಿಂಡಿದರು, ಅದು ಬೆರಳ ಸಂದಿಯಲ್ಲಿ ಪುಡಿಯಾಗಿ ಉದುರಿತು. ಆ ರಾಶಿಯನ್ನೆಲ್ಲ ಅವರು ಬದಿಗೆ ಹಾಕಿಸಿದರು. ಅರ್ಧ ದಿನದ ದುಡಿಮೆ ವ್ಯರ್ಥವಾದರೂ ಯಾವ ಮಗುವೂ ಗೊಣಗಲಿಲ್ಲ, ಏಕೆಂದರೆ ಉಂಡೆಯ ಪರೀಕ್ಷೆಯನ್ನು ಅವರೆಲ್ಲ ತಮ್ಮ ಕೈಯಲ್ಲೇ ಮಾಡಿ ನೋಡಿದ್ದರು. ಮೂರನೆಯ ಭಾನುವಾರದ ಹೊತ್ತಿಗೆ ‘ಈರ್’ ಎಂಬುದು ಮಕ್ಕಳ ಬಾಯಿಗೆ ತಾನಾಗಿ ಬಂದಿತ್ತು. ನಾನು ಮೊದಲು ಆಡಿದೆನೆಂಬುದಕ್ಕಿಂತ, ಅವರಿಗೆ ಗೊತ್ತಿರುವುದು ತಮಗೆ ಗೊತ್ತಿಲ್ಲವೆಂದು ಮಕ್ಕಳಿಗೆ ಮನವರಿಕೆಯಾದದ್ದೇ ಅದಕ್ಕೆ ಹೆಚ್ಚಿನ ಕಾರಣವೆಂದು ನನ್ನ ನಂಬಿಕೆ. ಒಬ್ಬ ತಂದೆ ಮಾತ್ರ ಅಂಗಡಿಯಲ್ಲಿ ಚಾ ಕುಡಿಯುತ್ತಾ, ‘ಸಂಘದಲ್ಲಿ ಏನೇನೋ ಕಲಿಸುತ್ತೀರಂತೆ’ ಎಂದರು. ‘ಕಟ್ಟ ಹಾಕಲು ಕಲಿಸುತ್ತಿದ್ದೇವೆ’ ಎಂದಷ್ಟೇ ಉತ್ತರಿಸಿದೆ.

ನೀರು ನಿಂತ ಮೇಲೆ ಕಾಯುವ ಸರದಿ. ದಿನಕ್ಕೆ ಇಬ್ಬರಂತೆ, ಶಾಲೆ ಬಿಟ್ಟು ಬರುವಾಗ ಕಟ್ಟದ ದಂಡೆಯಲ್ಲಿ ನಡೆದು ಸೋರಿಕೆ ಹುಡುಕುವುದು, ಕಂಡರೆ ಅಜ್ಜನಿಗೋ ನನಗೋ ತಿಳಿಸುವುದು, ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಈ ಬರೆಯುವ ಕ್ರಮವನ್ನು ನಾನು ಅಮೆರಿಕದ ‘ಫೋರ್ ಎಚ್’ ಎಂಬ ಹಳ್ಳಿ ಮಕ್ಕಳ ಸಂಘಗಳಿಂದ ಎರವಲು ತಂದೆ. 1902ರಲ್ಲಿ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಆರಂಭಿಸಿದ ಮಕ್ಕಳ ಕೃಷಿ ಸಂಘವನ್ನು ಆ ಸಂಘಗಳ ಮೂಲವೆಂದು ಹೇಳುತ್ತಾರೆ. ಅಲ್ಲಿ ಮಗುವೊಂದು ಕರು ಸಾಕಿದರೂ ಜೋಳ ಬೆಳೆದರೂ ಅದರ ದಾಖಲೆ ಇಡುವುದು ಆ ಮಗುವಿನದೇ ಕೆಲಸ.

ಮೊದಲ ವರ್ಷ ನನ್ನಿಂದಲೇ ಒಂದು ತಪ್ಪಾಯಿತು. ಸರದಿಯ ಮಕ್ಕಳು ತಪ್ಪಿಸಿಕೊಂಡ ದಿನಗಳಲ್ಲಿ ನಾನು ಕತ್ತಲಾದ ಮೇಲೆ ಟಾರ್ಚು ಹಿಡಿದು ಹೋಗಿ ಸೋರಿಕೆ ಮುಚ್ಚಿ ಬರುತ್ತಿದ್ದೆ. ಕಟ್ಟ ಮೇ ತಿಂಗಳವರೆಗೂ ನಿಂತಿತು. ಎಲ್ಲರೂ ಮಕ್ಕಳನ್ನು ಹೊಗಳಿದರು. ಆದರೆ ನೋಟ್‌ಬುಕ್ಕಿನ ಪುಟಗಳು ಫೆಬ್ರವರಿಯಿಂದ ಖಾಲಿಯಾಗಿದ್ದವು.

ಎರಡನೆಯ ವರ್ಷ ಡಿಸೆಂಬರಿನ ಪರೀಕ್ಷೆಯ ವಾರದಲ್ಲಿ ಮತ್ತೆ ಹಾಗೆಯೇ ಆಯಿತು. ಬಲಬದಿಯಲ್ಲಿ ಏಡಿ ಕೊರೆದ ಬಿಲದಿಂದ ಹೆಬ್ಬೆರಳು ಗಾತ್ರದ ನೀರು ಚಿಮ್ಮುತ್ತಿದ್ದುದನ್ನು ನಾನು ಸಂಜೆ ಕಂಡೆ. ಕೈಯಲ್ಲಿ ಹಾರೆಯೂ ಇತ್ತು. ಅಜ್ಜನ ಮನೆಗೆ ಹೋಗಿ ಕೇಳಿದಾಗ ಅವರು, ‘ಈಗ ನೀರು ಹೋದರೆ ಮತ್ತೆ ತುಂಬಲು ತೋಡಿನಲ್ಲಿ ಇನ್ನೂ ಹರಿವಿದೆ, ಬಿಡಿ’ ಎಂದರು. ಬಿಟ್ಟೆ. ಬೆಳಗಾಗುವಷ್ಟರಲ್ಲಿ ಬಿಲ ಅಗಲವಾಗಿ, ಕಲ್ಲು ಜಾರಿ, ಮೊಣಕಾಲೆತ್ತರದ ಕೆಸರು ಮಾತ್ರ ಉಳಿದಿತ್ತು. ಊರಿನ ನೀರನ್ನು ಮಕ್ಕಳ ಪಾಠಕ್ಕೆಂದು ಹರಿಯಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಇಂದಿಗೂ ನನ್ನಲ್ಲಿದೆ. ಹರಿವು ನಿಂತ ಫೆಬ್ರವರಿಯಾಗಿದ್ದರೆ ಖಂಡಿತ ಮುಚ್ಚುತ್ತಿದ್ದೆ.

ಅಂದು ಸರದಿ ತಪ್ಪಿಸಿದ ಇಬ್ಬರನ್ನು ನಾನು ಬೈಯಲಿಲ್ಲ. ಬಾಲವೇದಿಯ ಸಭೆಯಲ್ಲಿ ಮಕ್ಕಳೇ ತೀರ್ಮಾನಿಸಿದರು: ತೋಡಿನ ಬದಿಯ ಐದು ಮನೆಗಳಿಗೂ ಹೋಗಿ ನಡೆದದ್ದನ್ನು ಹೇಳುವುದು, ಮುಂದಿನ ಭಾನುವಾರ ಮರಳಿ ಕಟ್ಟುವುದು. ನಾಲ್ಕು ಮನೆಗಳಲ್ಲಿ ಬೆಲ್ಲ ನೀರು ಕೊಟ್ಟು ಕಳುಹಿಸಿದರು. ಐದನೆಯ ಮನೆಯವರು ಚೆನ್ನಾಗಿಯೇ ಗದರಿದರು. ಹುಡುಗರು ತಲೆ ತಗ್ಗಿಸಿ ಕೇಳಿ ಬಂದರು. ಆ ಗದರಿಕೆಯಿಂದ ಆದಷ್ಟು ಪ್ರಯೋಜನ ನಮ್ಮ ಯಾವ ಅತಿಥಿಯ ಭಾಷಣದಿಂದಲೂ ಆಗಿರಲಿಲ್ಲ. ಪರೀಕ್ಷೆಯ ವಾರದಲ್ಲಿ ಆರು ಮತ್ತು ಏಳನೆಯ ತರಗತಿಯವರು ಪರಸ್ಪರ ಸರದಿ ಬದಲಿಸಿಕೊಳ್ಳುವ ಪಟ್ಟಿಯನ್ನು ಅವರೇ ಬರೆದು ಗೋಡೆಗೆ ಅಂಟಿಸಿದರು.

ಹಣದ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಬಾಲವೇದಿಯ ಚಂದಾ, ಅವಲಕ್ಕಿ ಬೆಲ್ಲದ ಖರ್ಚು, ಹಾರೆ ಬುಟ್ಟಿಗಳ ಲೆಕ್ಕ ಎಲ್ಲವನ್ನೂ ಎಂಟನೆಯ ತರಗತಿಯ ಒಬ್ಬ ಹುಡುಗಿಗೆ ವಹಿಸಿದೆವು. ಹೆಣ್ಣುಮಕ್ಕಳನ್ನು ತೋಡಿಗೆ ಕಳುಹಿಸಲು ಹಿಂಜರಿದ ಮನೆಗಳು ಲೆಕ್ಕ ಬರೆಯಲು ಕಳುಹಿಸಿದವು. ಮರುವರ್ಷ ಅದೇ ಹುಡುಗಿ ಮಣ್ಣಿನ ಬುಟ್ಟಿಯನ್ನೂ ಹೊತ್ತಳು.

ನೋಟ್‌ಬುಕ್ಕಿನಲ್ಲಿ ಹೆಚ್ಚಾಗಿ ‘ಸೋರಿಕೆ ಇಲ್ಲ’ ಎಂಬ ಒಂದೇ ಸಾಲು. ಒಂದು ಪುಟದಲ್ಲಿ ಮಾತ್ರ ಹೀಗಿದೆ: ‘ಅಜ್ಜನಿಗೆ ಜ್ವರ. ನೋಡಲು ಬರಲಿಲ್ಲ. ಎಡಬದಿ ಸರಿ ಇದೆ. ಮನೆಗೆ ಹೋಗಿ ಹೇಳಿದೆವು.’ ಹೋಗಿ ಹೇಳಬೇಕೆಂದು ಅವರಿಗೆ ಯಾರೂ ಸೂಚಿಸಿರಲಿಲ್ಲ.

ಕಳೆದ ವರ್ಷ ನಾನು ಹೊಣೆ ಬಿಟ್ಟೆ. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ, ಬಾಲವೇದಿಯನ್ನೂ ನೋಡಿಕೊಳ್ಳುತ್ತಾಳೆ. ಕೀಲಿಕೈ ಒಪ್ಪಿಸಿದ ದಿನ ಅವಳು ಸಾಮಾನುಗಳ ಪಟ್ಟಿ ತೆರೆದು, ‘ಅಣ್ಣ, ಒಂದು ಹಾರೆ ನಿಮ್ಮ ಹೆಸರಿನಲ್ಲಿದೆ, ವಾಪಸು ಬಂದಿಲ್ಲ’ ಎಂದಳು. ಎರಡು ಮಳೆಗಾಲದಿಂದ ಅದು ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ತೊಳೆದು ತಂದುಕೊಟ್ಟು, ಪಟ್ಟಿಯಲ್ಲಿ ಸಹಿ ಹಾಕಿದೆ.