38 ನಿಮಿಷದ ಕಂತು, 17 ಗಂಟೆಯ ಎಡಿಟಿಂಗ್

ನನ್ನ ಪಾಡ್‌ಕಾಸ್ಟ್‌ನ ಮೊದಲ ಕಂತು 38 ನಿಮಿಷದ್ದು. ಅದನ್ನು ಎಡಿಟ್ ಮಾಡಲು ಹಿಡಿದದ್ದು 17 ಗಂಟೆ. ಐದು ರಾತ್ರಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವನು ಏಳುವಷ್ಟರಲ್ಲಿ ನಡುರಾತ್ರಿ ದಾಟಿರುತ್ತಿತ್ತು. ಆರನೆಯ ದಿನ ಹೇಗೋ ಪ್ರಕಟಿಸಿ, ಇನ್ನು ಇದರ ಸಹವಾಸ ಸಾಕಪ್ಪ ಅಂದುಕೊಂಡೆ. ಈಗ ಅಷ್ಟೇ ಉದ್ದದ ಕಂತು ನಾಲ್ಕೂವರೆ ಗಂಟೆಯಲ್ಲಿ ಮುಗಿಯುತ್ತದೆ. ನಡುವೆ ಎರಡು ಸಲ ಸಾಫ್ಟ್‌ವೇರ್ ಬದಲಾಯಿಸಿದೆ, ಆಡಾಸಿಟಿಯಿಂದ ರೀಪರ್‌ಗೆ ಬರುವ ಮೊದಲು ಇನ್ನೊಂದರಲ್ಲಿ ಕೆಲವು ತಿಂಗಳು ಒದ್ದಾಡಿದೆ. ಅದರಿಂದ ಉಳಿದದ್ದು ಹೆಚ್ಚೆಂದರೆ ಒಂದು ಗಂಟೆ.

ಉಳಿದ ಹೊತ್ತು ಎಲ್ಲಿ ಸೋರುತ್ತಿತ್ತು ಎಂದು ತಿಳಿದದ್ದು ನಾಲ್ಕನೆಯ ಕಂತಿನಲ್ಲಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದೇನೆ ಎಂದು ಗೀಚುತ್ತಾ ಹೋದೆ. ಮುಗಿದ ಮೇಲೆ ಓದಿದರೆ ನಗು ಬಂತು. 11 ನಿಮಿಷದ ಒಂದು ಭಾಗದಲ್ಲಿ ಪ್ರತಿಯೊಂದು 'ಆ', 'ಊಂ' ಕಿತ್ತು, ಉಸಿರು ತಗ್ಗಿಸಿ, ಹಿನ್ನೆಲೆಯ ಗುಂಯ್‌ಗುಡುವಿಕೆ ತೆಗೆದು ಎರಡೂವರೆ ಗಂಟೆ ಕಳೆದಿದ್ದೆ. ಮರುದಿನ ಪೂರ್ತಿ ಕೇಳಿ, ಆ ಭಾಗವೇ ಬೇಡ ಎಂದು ಅಳಿಸಿದ್ದೆ. ಕೆಡವಲಿರುವ ಗೋಡೆಗೆ ಸುಣ್ಣ ಬಳಿದ ಹಾಗೆ. ಇನ್ನೊಂದು ಕಡೆ, ಒಂದು ಪ್ರಶ್ನೆ ಇರಲೋ ಬೇಡವೋ ಎಂದು ಮೂರು ಬೇರೆ ಬೇರೆ ರಾತ್ರಿ ಯೋಚಿಸಿದ್ದೆ, ಮೂರು ಸಲವೂ ಅದೇ ಉತ್ತರಕ್ಕೆ ಬಂದಿದ್ದೆ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಏನು ಉಳಿಯುತ್ತದೆ ಎಂದು ತೀರ್ಮಾನ ಆಗುವವರೆಗೆ ಧ್ವನಿಯನ್ನು ಚಂದ ಮಾಡುವ ಕೆಲಸಕ್ಕೆ ಕೈ ಹಾಕುವಂತಿಲ್ಲ.

ರೆಕಾರ್ಡಿಂಗ್ ಆದ ಮರುದಿನ ಅದನ್ನು ಕಚ್ಚಾ ರೂಪದಲ್ಲೇ ಫೋನಿಗೆ ಹಾಕಿಕೊಂಡು ನಡೆಯಲು ಹೋಗುತ್ತೇನೆ. ಕಂಪ್ಯೂಟರ್ ಮುಂದೆ ಕೂತರೆ ಕೈ ಸುಮ್ಮನಿರುವುದಿಲ್ಲ, ಧ್ವನಿಯ ಏರಿಳಿತ ತೋರಿಸುವ ಅಲೆಯ ಚಿತ್ರ ಕಂಡ ಕೂಡಲೇ ಕತ್ತರಿಸಬೇಕು ಅನ್ನಿಸುತ್ತದೆ. ನಡೆಯುವಾಗ ಕಿವಿ ಮಾತ್ರ ಕೆಲಸ ಮಾಡುತ್ತದೆ. ನಿಮಿಷ-ಸೆಕೆಂಡು ಬರೆದು ಪಕ್ಕದಲ್ಲಿ ಮೂರೇ ಗುರುತು: ಇರಲಿ, ಬೇಡ, ನೋಡೋಣ. 'ನೋಡೋಣ' ಐದಕ್ಕಿಂತ ಹೆಚ್ಚು ಆಗಬಾರದು. ಆರನೆಯದು ಬಂದರೆ ಹಳೆಯದೊಂದನ್ನು 'ಬೇಡ'ಕ್ಕೆ ತಳ್ಳಬೇಕು. ಕೇಳುತ್ತಾ ಕೇಳುತ್ತಾ ನನ್ನ ಗಮನ ಬೇರೆ ಕಡೆ ಹೋದ ಜಾಗವನ್ನೂ ಬರೆದುಕೊಳ್ಳುತ್ತೇನೆ. ಮಾತಾಡಿಸಿದವನಿಗೇ ಬೇಸರ ಬಂದ ಕಡೆ ಕೇಳುಗ ಕಾಯುತ್ತಾನೆಯೇ?

ಆಮೇಲೆ ಮೇಜಿನ ಮುಂದೆ ಮೊದಲ ಸುತ್ತು. ದೊಡ್ಡ ತುಂಡುಗಳನ್ನು ಮಾತ್ರ ತೆಗೆಯುವುದು, ಜಾಗ ಬದಲಿಸುವುದು. ಒಂದು ಗಂಟೆಯ ಮಾತು 40 ನಿಮಿಷಕ್ಕೆ ಇಳಿಯುವುದು ಇಲ್ಲಿಯೇ, ಇದಕ್ಕೆ ಮುಕ್ಕಾಲು ಗಂಟೆ ಸಾಕು. ಕತ್ತರಿಸಿದ ಕಡೆ ಖಾಲಿ ಉಳಿಯದೆ ಮುಂದಿನದೆಲ್ಲ ಹಿಂದಕ್ಕೆ ಸರಿದು ಕೂರುವ ರಿಪಲ್ ಎಡಿಟಿಂಗ್ ಹಾಕಿಕೊಂಡರೆ ವೇಗ ಎರಡು ಪಟ್ಟಾಗುತ್ತದೆ. ಆದರೆ ಅದು ನನ್ನದು, ಅತಿಥಿಯದು ಎಂದು ಬೇರೆ ಬೇರೆ ಇರುವ ಎಲ್ಲ ಧ್ವನಿ ಟ್ರ್ಯಾಕ್‌ಗಳಿಗೂ ಒಟ್ಟಿಗೆ ಅನ್ವಯಿಸುತ್ತಿದೆಯೇ ನೋಡಿಕೊಳ್ಳಬೇಕು. ಒಂದೇ ಟ್ರ್ಯಾಕ್ ಸರಿದು ಇನ್ನೊಂದು ನಿಂತಲ್ಲೇ ನಿಂತರೆ ಪ್ರಶ್ನೆಗೂ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ಆಡಾಸಿಟಿಯಲ್ಲಿ ಇದಕ್ಕೆ ಸಿಂಕ್-ಲಾಕ್ ಎಂಬ ಆಯ್ಕೆ ಇದೆ. ಅದನ್ನು ಮರೆತು ಒಂದಿಡೀ ಸಂಜೆ ಕಳೆದುಕೊಂಡವನು ನಾನು.

ಈ ಸುತ್ತು ಇನ್ನೂ ಸುಲಭವಾದದ್ದು ಒಂದು ಪೆನ್ನಿನಿಂದ. ರೆಕಾರ್ಡ್ ಮಾಡುವಾಗ ಅತಿಥಿ ತಡವರಿಸಿದರೆ, ಹೊರಗೆ ಯಾರೋ ಹಾರ್ನ್ ಹೊಡೆದರೆ, ನಾನೇ ಪೆದ್ದು ಪ್ರಶ್ನೆ ಕೇಳಿದರೆ, ಮೈಕ್ ಪಕ್ಕ ಪೆನ್ನಿನಿಂದ ಎರಡು ಸಲ ಟಕ್ ಟಕ್ ಅನ್ನಿಸುತ್ತೇನೆ. ಅಲೆಯ ಚಿತ್ರದಲ್ಲಿ ಅದು ಎರಡು ಸೂಜಿ ನಿಲ್ಲಿಸಿದ ಹಾಗೆ ಎದ್ದು ಕಾಣುತ್ತದೆ. ಅತಿಥಿಗೆ ಮೊದಲೇ ಹೇಳಿಬಿಡುತ್ತೇನೆ: "ತಪ್ಪಿದರೆ ಪರವಾಗಿಲ್ಲ, ಸ್ವಲ್ಪ ನಿಲ್ಲಿಸಿ ಆ ವಾಕ್ಯ ಮೊದಲಿಂದ ಹೇಳಿಬಿಡಿ." ಅರ್ಧದಿಂದ ಮುಂದುವರಿಸಿದ ಮಾತನ್ನು ಹೊಲಿಯುವುದು ಕಷ್ಟ, ಮೊದಲಿಂದ ಹೇಳಿದ್ದನ್ನು ಕೂಡಿಸುವುದು ಒಂದು ಕ್ಲಿಕ್ಕಿನ ಕೆಲಸ.

ಕನ್ನಡದ ಮಾತಿಗೆ ಇದು ಇನ್ನಷ್ಟು ಮುಖ್ಯ. ನಮ್ಮ ಕ್ರಿಯಾಪದ ಬರುವುದು ಕೊನೆಗೆ. ಕೆಲವರು "ಅಲ್ಲಿಗೆ ಹೋಗಿ, ಅವರನ್ನ ನೋಡಿ, ಮಾತಾಡಿ, ವಾಪಸ್ ಬಂದು, ಆಮೇಲೆ ಏನಾಯ್ತು ಅಂದ್ರೆ" ಎಂದು ರೈಲು ಬಿಡುತ್ತಾ ಹೋಗುತ್ತಾರೆ, ನಿಲ್ದಾಣ ಬರುವುದೇ ಇಲ್ಲ. 'ನೋಡಿ' ಎಂಬಲ್ಲಿ ಕತ್ತರಿಸಿದರೆ ದನಿ ಮೇಲೆದ್ದು ಗಾಳಿಯಲ್ಲಿ ನೇತಾಡುತ್ತದೆ. ಇಂಥ ಕಡೆ ಎಡಿಟಿಂಗ್‌ನಲ್ಲಿ ಸಾಹಸ ಮಾಡುವ ಬದಲು ಮುಂದೆ ಕೂತಿರುವಾಗಲೇ "ಇದನ್ನೇ ಎರಡು ವಾಕ್ಯದಲ್ಲಿ ಇನ್ನೊಮ್ಮೆ ಹೇಳ್ತೀರಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಹತ್ತರಲ್ಲಿ ಒಂಬತ್ತು ಜನ ಎರಡನೆಯ ಸಲ ಚೆನ್ನಾಗಿಯೇ ಹೇಳುತ್ತಾರೆ. ಎಲ್ಲಿಂದಲೋ ಒಂದು 'ಬಂದೆ' ತಂದು ಅಂಟಿಸಿ ವಾಕ್ಯ ಮುಗಿಸುವ ಕಲೆಯೂ ನನಗೆ ಬರುತ್ತದೆ. ಆದರೆ ಅತಿಥಿ ಹೇಳದ ಅರ್ಥ ಹುಟ್ಟುವ ಅಪಾಯ ಇರುವುದರಿಂದ ಈಗ ಅದನ್ನು ಬಿಟ್ಟಿದ್ದೇನೆ.

ಎರಡನೆಯ ಸುತ್ತಿನಲ್ಲಿ ಸಣ್ಣ ಕತ್ತರಿ. ಇಲ್ಲಿ ಕಲಿತ ಒಂದು ಉಪಾಯ ತುಂಬಾ ಹೊತ್ತು ಉಳಿಸಿದೆ: ಕ, ಟ, ತ, ಪ ಇಂಥ ಅಕ್ಷರ ಉಚ್ಚರಿಸುವ ಮುನ್ನ ಬಾಯಲ್ಲಿ ಉಸಿರಿನ ದಾರಿ ಕ್ಷಣಮಾತ್ರ ಪೂರ್ತಿ ಮುಚ್ಚಿರುತ್ತದೆ. ಆ ಸಣ್ಣ ಮೌನದಲ್ಲಿ ಕತ್ತರಿಸಿದರೆ ಗಾಯ ಕಾಣುವುದಿಲ್ಲ. ಸ, ಶ ಅಕ್ಷರಗಳ ಸುಯ್ಯೆನ್ನುವ ಸದ್ದಿನ ಮಧ್ಯೆಯೂ ಬೆಸುಗೆ ಅಡಗುತ್ತದೆ. ಸ್ವರದ ನಡುವೆ ಕತ್ತರಿಸಿದರೆ ಮಾತ್ರ ಒಂದು ತುಂಡು ತಗ್ಗುತ್ತಾ ಇನ್ನೊಂದು ಏರುವಂತೆ ಬೆಸೆಯುವ ಕ್ರಾಸ್‌ಫೇಡ್ ಎಷ್ಟು ಕೊಟ್ಟರೂ ಎಡವಿದ ಹಾಗೆ ಕೇಳುತ್ತದೆ. ಉಸಿರಿನ ವಿಷಯದಲ್ಲಿ, ಇಟ್ಟರೆ ಪೂರ್ತಿ ಇಡಬೇಕು, ತೆಗೆದರೆ ಪೂರ್ತಿ ತೆಗೆಯಬೇಕು. ಅರ್ಧ ಉಸಿರು ಕೇಳಿದರೆ ಯಾರೋ ಬೆಚ್ಚಿಬಿದ್ದಂತಿರುತ್ತದೆ. ಎರಡು ತುಂಡು ಕೂಡಿದ ಕಡೆ ಜೋಡಿ ಉಸಿರು ಬಂದಿದೆಯೇ ಎಂದೂ ನೋಡಬೇಕು.

'ಆ', 'ಅಂದ್ರೆ', 'ಮತ್ತೆ'ಗಳನ್ನು ಎಲ್ಲ ಕಿತ್ತುಹಾಕುವ ಚಟ ಬಿಟ್ಟೆ. ಯೋಚಿಸುತ್ತಿರುವ ಮನುಷ್ಯ ಹಾಗೆಯೇ ಮಾತಾಡುವುದು. ಒಂದೇ ಉಸಿರಿನಲ್ಲಿ ಮೂರು ಬಂದರೆ ಎರಡು ತೆಗೆಯುತ್ತೇನೆ, ಅಷ್ಟೇ.

ಮೌನದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊತ್ತು ಉಳಿಸುವ ಹುಚ್ಚಿನಲ್ಲಿ, ಉದ್ದದ ಮೌನಗಳನ್ನು ತಾನೇ ಹುಡುಕಿ ಚಿಕ್ಕದು ಮಾಡುವ ಸೌಲಭ್ಯವನ್ನು ಒಂದು ಇಡೀ ಕಂತಿನ ಮೇಲೆ ಓಡಿಸಿದ್ದೆ. ಆರು ನಿಮಿಷ ಇಳಿಯಿತು, ಖುಷಿಯಾಯಿತು. ಆ ಕಂತಿನಲ್ಲಿ ಅತಿಥಿ ತಮ್ಮ ತಂದೆಯ ಕೊನೆಯ ದಿನಗಳ ಬಗ್ಗೆ ಹೇಳಿ ಸುಮ್ಮನಾಗಿದ್ದರು. ನಾನೂ ಸುಮ್ಮನಿದ್ದೆ. ನಾಲ್ಕೈದು ಸೆಕೆಂಡು ಇದ್ದಿರಬಹುದು. ಪ್ರಕಟವಾದ ಕಂತಿನಲ್ಲಿ ಅವರ ಮಾತು ಮುಗಿದ ಅರ್ಧ ಸೆಕೆಂಡಿಗೆ ನಾನು "ಸರಿ, ಆಮೇಲೆ?" ಅನ್ನುತ್ತೇನೆ. ಕೇಳಿದ ಗೆಳತಿಯೊಬ್ಬಳು ಫೋನ್ ಮಾಡಿ, "ಅಷ್ಟು ಅವಸರ ಏನಿತ್ತೋ ನಿನಗೆ?" ಎಂದಳು. ಉತ್ತರ ಹೊಳೆಯಲಿಲ್ಲ. ಅದೇ ದಿನ ಮೂಲ ಫೈಲಿನಿಂದ ಆ ಜಾಗ ಸರಿಮಾಡಿ ಕಂತುಗಳನ್ನು ಇಡುವ ಹೋಸ್ಟಿಂಗ್ ತಾಣದಲ್ಲಿ ಫೈಲ್ ಬದಲಿಸಿದೆ. ಆದರೆ ಮೊದಲೇ ಡೌನ್‌ಲೋಡ್ ಆದ ಪ್ರತಿಗಳು ಬದಲಾಗುವುದಿಲ್ಲ, ಆ ಕೇಳುಗರ ಫೋನುಗಳಲ್ಲಿ ನಾನು ಈಗಲೂ ಅವಸರದವನೇ. ಮೌನವನ್ನು ಯಂತ್ರದ ಕೈಗೆ ಮತ್ತೆ ಕೊಟ್ಟಿಲ್ಲ.

ದೂರದ ಅತಿಥಿಗಳ ಜೊತೆಗಿನ ಮಾತುಕತೆಯಲ್ಲಿ ಬೇರೆಯದೇ ಪಾಠ. ವಿಡಿಯೊ ಕರೆಯನ್ನೇ ರೆಕಾರ್ಡ್ ಮಾಡಿಕೊಂಡರೆ ನೆಟ್‌ವರ್ಕ್ ಕೈಕೊಟ್ಟಾಗಲೆಲ್ಲ ದನಿ ತಗಡಿನಂತಾಗುತ್ತದೆ, ಅದನ್ನು ಯಾವ ಎಡಿಟಿಂಗೂ ಪೂರ್ತಿ ಉಳಿಸಲಾರದು. ಹಾಗಾಗಿ ಇಬ್ಬರೂ ತಮ್ಮ ತಮ್ಮ ಕಡೆಯೇ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೂಡಿಸುವುದು. ಮೊದಲ ಸಲ ಮಾಡಿದಾಗ ಆರಂಭದಲ್ಲಿ ಎಲ್ಲ ಸರಿಯಿತ್ತು, ಮುಗಿಯುವ ಹೊತ್ತಿಗೆ ಅತಿಥಿಯ ಜೋಕಿಗೆ ನಾನು ಮೊದಲೇ ನಗುತ್ತಿದ್ದೆ! ಎರಡು ಯಂತ್ರಗಳ ಒಳಗಿನ ಗಡಿಯಾರಗಳು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತವೆ, ಗಂಟೆ ಕಳೆಯುವಷ್ಟರಲ್ಲಿ ಆ ಕೂದಲೆಳೆ ಕಿವಿಗೆ ಗೊತ್ತಾಗುವಷ್ಟು ದಪ್ಪವಾಗುತ್ತದೆ. ಈಗ ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ. ಎರಡೂ ತುದಿ ಹೊಂದುವಂತೆ ಒಂದು ಟ್ರ್ಯಾಕನ್ನು ಚೂರು ಎಳೆದರೆ ಮಧ್ಯದ್ದೆಲ್ಲ ತಾನಾಗಿ ಕೂರುತ್ತದೆ. ರಿವರ್‌ಸೈಡ್‌ನಂಥ ಸೇವೆಗಳು ಆಯಾ ಕಡೆಯ ಧ್ವನಿಯನ್ನು ಅಲ್ಲಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತವೆ. ಅವಿದ್ದರೂ ನಾನು ಚಪ್ಪಾಳೆ ಬಿಟ್ಟಿಲ್ಲ.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಕಡಿಮೆ ಅಂತರ, ಫ್ಯಾನ್ ಬಂದ್, ಬಟ್ಟೆ ಪರದೆ ತುಂಬಿದ ಚಿಕ್ಕ ಕೋಣೆ, ಪ್ರತಿಯೊಬ್ಬರಿಗೂ ಬೇರೆ ಟ್ರ್ಯಾಕ್, ದನಿ ಏರಿದಾಗಲೂ ಅದರ ಮಟ್ಟ ತೋರಿಸುವ ಮೀಟರ್ -12 ಡೆಸಿಬೆಲ್ ಆಸುಪಾಸು. ಶುರುವಿಗೆ ಮೊದಲು ಯಾರೂ ಮಾತಾಡದ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಕತ್ತರಿಸಿದ ಕಡೆ ತೇಪೆ ಹಾಕಲು ಕೋಣೆಯ ಆ ಮೌನ ಬೇಕಾಗುತ್ತದೆ. ಪೂರ್ತಿ ನಿಶ್ಶಬ್ದ ಹಾಕಿದರೆ ಹೆಡ್‌ಫೋನ್ ಕೆಟ್ಟಿತೇ ಎಂದು ಕೇಳುಗ ಮುಟ್ಟಿ ನೋಡಿಕೊಳ್ಳುತ್ತಾನೆ.

ಧ್ವನಿ ಚಂದ ಮಾಡುವ ಕೆಲಸ ಈಗ ಅರ್ಧ ಗಂಟೆಯದು, ಏಕೆಂದರೆ ಎಲ್ಲವೂ ಮೊದಲೇ ಸಿದ್ಧ ಮಾಡಿಟ್ಟ ಟೆಂಪ್ಲೇಟ್‌ನಲ್ಲಿ ಕೂತಿದೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಸೋಸುವ ಫಿಲ್ಟರ್, ದಪ್ಪ-ತೆಳು ಸ್ವರಗಳನ್ನು ಹದ ಮಾಡುವ ಸ್ವಲ್ಪ ಈಕ್ಯೂ, ಜೋರು-ಮೆಲುದನಿಗಳ ಅಂತರ ತಗ್ಗಿಸುವ 3:1 ಅನುಪಾತದ ಕಂಪ್ರೆಸರ್, ಸಕಾರ ಚುಚ್ಚದಂತೆ ಡಿ-ಎಸರ್, ಕೊನೆಗೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್. ಹೊಸ ಕಂತಿಗೆ ಟೆಂಪ್ಲೇಟ್ ತೆರೆದು ಫೈಲುಗಳನ್ನು ಎಳೆದು ಹಾಕಿದರೆ ಒಂದೆರಡು ಗುಂಡಿ ತಿರುಗಿಸುವುದು ಮಾತ್ರ ಬಾಕಿ. ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಬೇಕೇ ಬೇಕಾದರೆ ಹಗುರವಾಗಿ. ಎರಡನೆಯ ಕಂತಿನಲ್ಲಿ ಅದನ್ನು ತುದಿವರೆಗೂ ಎಳೆದು, ಅತಿಥಿ ನೀರೊಳಗೆ ಕೂತು ಮಾತಾಡಿದಂತೆ ಮಾಡಿದ್ದೆ. ಧ್ವನಿಯನ್ನು ಸ್ಟುಡಿಯೊ ಮಟ್ಟಕ್ಕೆ ಏರಿಸುತ್ತೇವೆ ಎನ್ನುವ ಎಐ ಉಪಕರಣಗಳೂ ಹಾಗೆಯೇ, ಕೆಟ್ಟ ರೆಕಾರ್ಡಿಂಗ್‌ಗೆ ಮದ್ದು, ಒಳ್ಳೆಯದಕ್ಕೆ ಮೇಣ ಮೆತ್ತಿದ ಹಾಗೆ.

ಗಟ್ಟಿತನದ ಲೆಕ್ಕ ಅರ್ಥವಾಗಲು ನನಗೆ ತಡವಾಯಿತು. ಮೀಟರಿನ ತುದಿ ನೋಡಿ ಅಳೆದರೆ ಸಾಲದು, ಒಟ್ಟಾರೆ ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದಕ್ಕೆ ಎಲ್‌ಯುಎಫ್‌ಎಸ್ ಎಂಬ ಅಳತೆ ಇದೆ. ಆಪಲ್ ಪಾಡ್‌ಕಾಸ್ಟ್ಸ್ ಸೂಚಿಸುವುದು ಸುಮಾರು -16, ಒಂದು ಅಂಕ ಆಚೀಚೆ, ತುದಿ -1 ಡೆಸಿಬೆಲ್ ದಾಟಬಾರದು. ಸ್ಪಾಟಿಫೈ -14ಕ್ಕೆ ಹೊಂದಿಸುತ್ತದೆ. ನಾನು ಮೋನೊದಲ್ಲಿ ಕೊಡುವುದರಿಂದ -19 ಇಟ್ಟುಕೊಂಡಿದ್ದೇನೆ. ಒಂದೇ ಚಾನೆಲ್ ಎರಡೂ ಕಿವಿಗೆ ಹೋಗುವಾಗ ಲೆಕ್ಕದಲ್ಲಿ 3 ಡೆಸಿಬೆಲ್ ಕೂಡಿ ಆಪಲ್‌ನ -16ಕ್ಕೇ ಬರುತ್ತದೆ. ಇಬ್ಬರು ಮಾತಾಡುವ ಕಾರ್ಯಕ್ರಮಕ್ಕೆ ಮೋನೊ 96 ಕೆಬಿಪಿಎಸ್ (ಸೆಕೆಂಡಿಗೆ 96 ಕಿಲೋಬಿಟ್) ಎಂಪಿ3 ಧಾರಾಳ ಸಾಕು, 40 ನಿಮಿಷಕ್ಕೆ 29 ಎಂಬಿ. ಸಂಪಾದಿಸಿದ ಪೂರ್ಣ ಗುಣಮಟ್ಟದ ವೇವ್ ಪ್ರತಿಯನ್ನೂ ಕಚ್ಚಾ ಟ್ರ್ಯಾಕ್‌ಗಳನ್ನೂ ಎರಡು ಕಡೆ ಇಡುತ್ತೇನೆ. ತಂದೆಯ ಬಗ್ಗೆ ಹೇಳಿದ ಅತಿಥಿಯ ಆ ಮೌನವನ್ನು ವಾಪಸ್ ತರಲು ಸಾಧ್ಯವಾದದ್ದು ಕಚ್ಚಾ ಟ್ರ್ಯಾಕ್ ಉಳಿದಿದ್ದರಿಂದ.

ಪೀಠಿಕೆಯ ಮಾತನ್ನು ಎಲ್ಲಕ್ಕಿಂತ ಕೊನೆಗೆ ರೆಕಾರ್ಡ್ ಮಾಡುತ್ತೇನೆ. ಕಂತಿನಲ್ಲಿ ಏನು ಉಳಿಯಿತು ಎಂಬುದು ಗೊತ್ತಾಗುವುದು ಆಗಲೇ. ಶೀರ್ಷಿಕೆಗೆ ಇವತ್ತಿಗೂ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅದಕ್ಕೆ ಯಾವ ಟೆಂಪ್ಲೇಟೂ ಸಿಕ್ಕಿಲ್ಲ.

ಪ್ರಕಟಿಸುವ ಹಿಂದಿನ ರಾತ್ರಿ ಅಂತಿಮ ಎಂಪಿ3ಯನ್ನು ಫೋನಿನ ಸ್ಪೀಕರ್‌ನಲ್ಲಿ ಹಾಕಿ ಪಾತ್ರೆ ತೊಳೆಯುತ್ತೇನೆ. ನಲ್ಲಿ ನೀರಿನ ಸದ್ದಿನ ನಡುವೆ ಯಾವ ಮಾತು ಕೇಳಿಸಲಿಲ್ಲವೋ ಅಲ್ಲಿಗೆ ಕೈ ಒರೆಸಿಕೊಂಡು ಗುರುತು ಹಾಕುವುದು. ಹೋದ ವಾರ ಎರಡೇ ಗುರುತು ಬಿದ್ದವು, ಎರಡೂ ನನ್ನ ಪ್ರಶ್ನೆಗಳೇ.