ಗಾದಿ ಹತ್ತಿ, ಮಂಡಕ್ಕಿ ಜರಡಿ, ನನ್ನ ಒಂಬತ್ತು ಹಾಡು

ಮೊದಲನೇ ಹಾಡಿಗೆ ಹತ್ತಿರ ಹತ್ತಿರ 45 ಸಾವಿರ ಹೋಯ್ತು, ಅದೂ ಚೀಟಿ ಎತ್ತಿದ ದುಡ್ಡು. ಬೆಂಗಳೂರಿನ ಸ್ಟುಡಿಯೊ, ಬಾಡಿಗೆ ಕ್ಯಾಮೆರಾ, ಮಿಕ್ಸಿಂಗ್ ಎಲ್ಲ ಸೇರಿ. ಆರು ತಿಂಗಳಲ್ಲಿ ವಾಪಸ್ ಬಂದದ್ದು 300 ರೂಪಾಯಿಯೂ ಇಲ್ಲ. 'ದಾವಣಗೆರೆಯಾಗ ಕುಂತು ಪಾಪ್ ಹಾಡಿ ಬದುಕಾಕ ಆಗಂಗಿಲ್ಲ ಬಿಡಪಾ' ಅಂದವರೇ ಎಲ್ಲ. ಈಗ ಎರಡು ವರ್ಷದಿಂದ ಇದೇ ನನ್ನ ಅನ್ನ.

ಎರಡನೇ ತಪ್ಪು ಇನ್ನೂ ದೊಡ್ಡದು. ಒಂದು ಆಡಿಯೊ ಕಂಪನಿ 25 ಸಾವಿರ ಕೊಟ್ಟು ನನ್ನ ಒಂದು ಹಾಡಿನ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗಿನ ಹಕ್ಕು, ಬರೆಸಿಕೊಂಡಿತು, ನಾನು ಓದದೇ ಸಹಿ ಹಾಕಿದೆ. ಇವತ್ತು ಆ ಹಾಡನ್ನು ನನ್ನ ಚಾನೆಲ್‌ಗೆ ಹಾಕಿದರೆ ನನ್ನ ಮೇಲೇ ಕಾಪಿರೈಟ್ ಕ್ಲೇಮ್ ಬರುತ್ತೆ. ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ ಕಂಪನಿ ಬರೆಸಿಕೊಳ್ಳುವ ಹಾಗಿಲ್ಲ. ಇದು ತಿಳಿಯೋ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡೋ ಐಪಿಆರ್‌ಎಸ್ ಸಂಸ್ಥೆ ಸೇರಿದೆ. ಮಾಸ್ಟರ್ ಆಮೇಲೆ ಯಾರಿಗೂ ಕೊಟ್ಟಿಲ್ಲ.

ಈಗ ಮನೆಯಲ್ಲೇ ನಾನು ರೆಕಾರ್ಡ್ ಮಾಡೋ ರೂಮಿನ ವಿಷಯಕ್ಕೆ ಬರ್ತೀನಿ. ನಮ್ಮನೆ ಮಂಡಕ್ಕಿ ಭಟ್ಟಿ ಕಡೆ, ಬೆಳಗಿನ ಜಾವಕ್ಕೇ ಸದ್ದು ಶುರು. ಹಾಗಾಗಿ ರಾತ್ರಿ 11ರಿಂದ 2ರ ಒಳಗೆ ಹಾಡಿ ಮುಗಿಸಬೇಕು. ರೂಮಿನ ಮಾರ್ದನಿ ತಗ್ಗಲಿ ಅಂತ ಮೊದಲು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದೆ, ದಂಡ. ಕೊನೆಗೆ ಅವ್ವನ ಹಳೇ ಗಾದಿ ಎರಡು ಬಿಚ್ಚಿ, ಹತ್ತಿ ಹಿಂಜಿಸಿ, ನಾಲ್ಕಿಂಚು ದಪ್ಪದ ಮರದ ಚೌಕಟ್ಟಿಗೆ ತುಂಬಿ, ಗೋಡೆಯಿಂದ ಮೂರಿಂಚು ಬಿಟ್ಟು ನಿಲ್ಲಿಸಿದೆ. ಬಡಗಿ ಕೂಲಿ, ಬಟ್ಟೆ ಸೇರಿ ಎರಡು ಸಾವಿರದ ಆಸುಪಾಸು. 'ಯಪ್ಪಾ, ಮಲಗೋ ಗಾದಿ ಗ್ವಾಡಿಗೆ ಹಾಕಿದ್ಯಲ್ಲೋ' ಅಂತ ಅವ್ವ ಎಂಟು ದಿನ ಮಾತು ಬಿಟ್ಟಿದ್ದಳು. ಆದರೆ ಕಂಠದ ಹಿಂದಿನ ಡಬ್ಬದ ಸದ್ದು ಹೋಯ್ತು. ಮೈಕ್ ಎಲ್ಲಿ, ಯಾವ ಓರೆಯಲ್ಲಿ ಇಡ್ತೀನಿ ಅನ್ನೋದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಬಿಸಿ ಮರಳಿನಲ್ಲಿ ಅಕ್ಕಿ ಅರಳೋ ಸದ್ದನ್ನು ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳದ ತಟ್ಟೆ) ಜಾಗಕ್ಕೆ ಬಳಸಬೇಕು ಅಂತ ನಾಲ್ಕು ದಿನ ನಸುಕಿಗೇ ಎದ್ದು ಭಟ್ಟಿ ಮುಂದೆ ನಿಂತೆ. ಬರೀ ಭುಸುಭುಸು, ತಾಳಕ್ಕೆ ಸಿಗಲೇ ಇಲ್ಲ. ಮಂಡಕ್ಕಿ ಜರಡಿ ಹಿಡಿಯೋ ಸದ್ದು ಮಾತ್ರ ತಾಳಕ್ಕೆ ಅಲ್ಲಾಡಿಸೋ ಶೇಕರ್ ವಾದ್ಯಕ್ಕಿಂತ ಚೆನ್ನಾಗಿ ಕೂತಿತು. ಮೂರು ಹಾಡಿನಲ್ಲಿ ಅದೇ ಇದೆ.

ಕೈ ಹಿಡಿದದ್ದು ಏನಂದರೆ, ಹಾಡನ್ನು ರೆಕಾರ್ಡ್ ಮಾಡೋ ಮೊದಲೇ ಜನರ ಮುಂದೆ ಇಟ್ಟದ್ದು. ಆರತಕ್ಷತೆ, ಕಾಲೇಜು ಕಾರ್ಯಕ್ರಮ, ಹರಿಹರ, ಚಿತ್ರದುರ್ಗ, ಎಲ್ಲಿ ಕರೆದರೂ ಹೋಗಿ ನಾಲ್ಕು ಹಳೇ ಹಾಡಿನ ನಡುವೆ ನನ್ನದೊಂದು, ನನ್ನದು ಅಂತ ಹೇಳದೇ, ನಮ್ಮ ಮಾತಿನಲ್ಲೇ ಹಾಡ್ತೀನಿ. ಮೂರು ಕಡೆ ಹಿಂದಿನ ಸಾಲಿನವರು ಗುನುಗಿದರೆ ಮಾತ್ರ ರೆಕಾರ್ಡಿಂಗ್. ಮೂವತ್ತು ಹಾಡಿನಲ್ಲಿ ಹೀಗೆ ಉಳಿದದ್ದು ಒಂಬತ್ತು. ವಾರಕ್ಕೊಂದು ಬಿಡಿ ಅನ್ನೋರ ಮಾತು ನಾನು ಒಪ್ಪಲ್ಲ. ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿಗೆ 2024ರಿಂದ ಸ್ಪಾಟಿಫೈ ದುಡ್ಡೇ ಕೊಡಲ್ಲ. ಹತ್ತು ಹಾಡು 900ರಲ್ಲಿ ನಿಲ್ಲೋದಕ್ಕಿಂತ ಒಂದು ಓಡಲಿ.

ಕಳೆದ ಸಲ ಬಿಟ್ಟ ಹಾಡನ್ನು ಎಲ್ಲ ಕಡೆ ಸೇರಿ ನಾಲ್ಕು ಲಕ್ಷಕ್ಕಿಂತ ಹೆಚ್ಚು ಸಲ ಕೇಳಿದರು, ಕೈಗೆ ಬಂದದ್ದು 18-20 ಸಾವಿರ. ಆದರೆ ಅದನ್ನು ಕೇಳಿ ಹನ್ನೊಂದು ಕಡೆಯಿಂದ ಕಾರ್ಯಕ್ರಮಕ್ಕೆ ಕರೆ ಬಂತು. ಮೊದಲು ಎಂಟು ಸಾವಿರ ಕೇಳೋಕೆ ಅಂಜುತ್ತಿದ್ದೆ, ಈಗ ಹದಿನೈದಕ್ಕೆ ಕಡಿಮೆ ಹೋಗಲ್ಲ. ಚೀಟಿ ಸಾಲ ಯುಗಾದಿಗೆ ತೀರಿತು. ಅವ್ವನಿಗೆ ಹೊಸ ಗಾದಿ ಎರಡು ಹೊಲಿಸಿಕೊಟ್ಟೆ.